ಎರಡು ಬಿಂದುಗಳ ನಡುವಿನ ನೆಲ

ಬಳ್ಳಾರಿ ಸೀಮೆಯ ನಮ್ಮ ಮೋಕದಲ್ಲಿ ಇವತ್ತಿಗೂ ಹೊಲದ ಲೆಕ್ಕ ಎಕರೆ ಮತ್ತು ಸೆಂಟ್ಸಿನಲ್ಲೇ. ಹಾಸನ, ತುಮಕೂರಿನ ಕಡೆಯವರಿಗೆ ಗುಂಟೆ ಇದ್ದ ಹಾಗೆ ನಮಗೆ ಸೆಂಟ್ಸು. ಬಳ್ಳಾರಿ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಮದ್ರಾಸಿನ ಆಡಳಿತದಲ್ಲಿತ್ತು. ಆಗಿನ ಅಳತೆ ಈಗಲೂ ಜನರ ಬಾಯಲ್ಲಿದೆ. ನೂರು ಸೆಂಟ್ಸಿಗೆ ಒಂದು ಎಕರೆ. ಈ ಲೆಕ್ಕ ಹುಟ್ಟಿದ್ದು ಸರಪಣಿಯಿಂದ. 66 ಅಡಿ ಉದ್ದದ ಸರಪಣಿ, ಅದಕ್ಕೆ ನೂರು ಕೊಂಡಿ. ಹತ್ತು ಚದರ ಸರಪಣಿ ಆದರೆ ಒಂದು ಎಕರೆ, ಸಾವಿರ ಚದರ ಕೊಂಡಿ ಆದರೆ ಒಂದು ಸೆಂಟು.

ನಮ್ಮ ದೊಡ್ಡಪ್ಪ ಸರ್ವೆಯರ ಹಿಂದೆ ಆ ಸರಪಣಿ ಹಿಡಿಯುತ್ತಿದ್ದರು. ಅದು ಅವರ ಕಾಯಂ ಉದ್ಯೋಗವೇನಲ್ಲ. ಊರಿಗೆ ಸರ್ವೆಯರು ಬಂದಾಗ ಕರೆಯುತ್ತಿದ್ದರು, ಇವರು ಹೋಗುತ್ತಿದ್ದರು. ನಾನು ಹುಡುಗನಾಗಿ ಬೆನ್ನು ಹತ್ತುತ್ತಿದ್ದೆ. ಹೊಲ ಎಷ್ಟೇ ಸೊಟ್ಟಗಿರಲಿ, ಸರ್ವೆಯರು ಮೊದಲು ಮಾಡುತ್ತಿದ್ದದ್ದು ಒಂದೇ ಕೆಲಸ: ಒಂದು ಮೂಲೆಯಿಂದ ಎದುರಿನ ಮೂಲೆಗೆ ಕರ್ಣ ಎಳೆದು ಹೊಲವನ್ನು ತ್ರಿಕೋನಗಳಾಗಿ ಒಡೆಯುವುದು. ಬದು ಆ ಗೆರೆಯಿಂದ ಆಚೆಗೋ ಈಚೆಗೋ ಬಾಗಿದಲ್ಲೆಲ್ಲ ಗೆರೆಗೆ ಲಂಬವಾಗಿ ಅಡ್ಡ ಅಳತೆ ಹಿಡಿಯುವುದು. ಅದಕ್ಕೆ ಆಫ್‌ಸೆಟ್ ಅನ್ನುತ್ತಿದ್ದರು. ಮದ್ರಾಸ್ ಪ್ರಾಂತದ ಸರ್ವೆ ಪದ್ಧತಿ ನಿಂತಿದ್ದೇ ಈ ಕರ್ಣ ಮತ್ತು ಆಫ್‌ಸೆಟ್‌ಗಳ ಮೇಲೆ. ಅಷ್ಟನ್ನೂ ಬರೆದಿಡುವ ಪುಸ್ತಕವಾದ ಫೀಲ್ಡ್ ಮೆಷರ್‌ಮೆಂಟ್ ಬುಕ್ಕೇ ಎಫ್‌ಎಂಬಿ.

“ಮೂರೂ ಕಡೆ ಅಳತೆ ಹಿಡಿದ್ರೆ ಹೊಲ ಅಲ್ಲಾಡಲ್ಲ ನೋಡಪ್ಪ. ನಾಕು ಕಡೆ ಹಿಡಿದ್ರೆ ಅಲ್ಲಾಡ್ತದೆ,” ಎಂದು ದೊಡ್ಡಪ್ಪ ಹೇಳಿದ್ದು ಜ್ಯಾಮಿತಿಯ ಅಪ್ಪಟ ಸತ್ಯ. ನಾಲ್ಕು ಬದಿಯ ಉದ್ದ ಗೊತ್ತಿದ್ದರೂ ಚೌಕವನ್ನು ಒತ್ತಿ ವಾಲಿಸಬಹುದು. ಮೂರು ಬದಿ ಗೊತ್ತಾದರೆ ತ್ರಿಕೋನಕ್ಕೆ ಬೇರೆ ಆಕಾರವೇ ಇಲ್ಲ. ನಾನು ಮುಂದೆ ಸರ್ವೆ ಕಲಿತು, ಸಂಡೂರಿನ ಗಣಿಗಳಲ್ಲಿ ಕೆಲಸ ಮಾಡಿ, ಕೊನೆಗೆ ಲೇಸರ್ ಸ್ಕ್ಯಾನರಿನ ಹಿಂದೆ ನಿಂತಾಗಲೂ ಕೆಲಸ ಇದೇ ತ್ರಿಕೋನದ ಮೇಲೆಯೇ ನಡೆಯಿತು. ಸರಪಣಿ ಹೋಯಿತು, ತ್ರಿಕೋನ ಉಳಿಯಿತು. ತ್ರಿಕೋನದ ಮೂಲೆ ಎಲ್ಲಿರಬೇಕು ಎಂದು ತೀರ್ಮಾನಿಸುವವರು ಯಾರು ಎಂಬುದು ಬದಲಾಯಿತು. ಈ ಬರಹ ಅದರ ಬಗ್ಗೆ.

ಮೊದಲು ನಮ್ಮ ನೆಲದ ಬಗ್ಗೆ ಎರಡು ಮಾತು. ಮೋಕ ಹಗರಿ ದಂಡೆಯ ಊರು. ಹೊಳೆ ಬಿಟ್ಟು ಒಳಗೆ ಬಂದರೆ ಎರೆಭೂಮಿ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅದರಲ್ಲಿ ನೆಟ್ಟ ಬಾಂದು ಕಲ್ಲು ವರ್ಷಗಳು ಕಳೆದಂತೆ ವಾಲುತ್ತದೆ, ಕೆಲವು ಕಡೆ ಪೂರ್ತಿ ಮಲಗಿಬಿಡುತ್ತದೆ. ಹಳೆಯ ಸರ್ವೆಯರು ಅಂಥ ಕಲ್ಲು ಕಂಡರೆ ಅದರ ತಲೆಯಿಂದ ಅಳೆಯುತ್ತಿರಲಿಲ್ಲ. ಬುಡವನ್ನು ಗುದ್ದಲಿಯಿಂದ ಬಿಡಿಸಿ, ಕಲ್ಲು ಮೊದಲು ಎಲ್ಲಿ ನಿಂತಿತ್ತೆಂದು ಗುಣಿಯ ಗುರುತು ನೋಡಿ, ಅಲ್ಲಿ ಗೂಟ ಹೊಡೆಸಿ, ಆಮೇಲೆ ಸರಪಣಿ ಇಡಿಸುತ್ತಿದ್ದರು. ಸರಪಣಿಯೂ ಎಳೆದು ಎಳೆದು ಕೊಂಡಿ ಸವೆದು ಉದ್ದವಾಗುತ್ತದೆ. ಅದನ್ನು ಆಗಾಗ ಗಟ್ಟಿ ಅಳತೆಗೆ ಹೋಲಿಸಿ ನೋಡಬೇಕು. ಇಷ್ಟೆಲ್ಲ ಮಾಡಿ ಒಂದು ಹೊಲಕ್ಕೆ ಸಿಗುತ್ತಿದ್ದದ್ದು ಕೈಬೆರಳಲ್ಲಿ ಎಣಿಸುವಷ್ಟು ಬಿಂದುಗಳು. ಆದರೆ ಒಂದೊಂದು ಬಿಂದುವನ್ನೂ ಒಬ್ಬ ಮನುಷ್ಯ ನೋಡಿ, ಇದು ಬೇಕು ಎಂದು ಆರಿಸಿದ್ದ.

ಈ ಸೀಮೆಗೆ ಅಳತೆಯ ಚರಿತ್ರೆ ಹೊಸದಲ್ಲ. ಹಂಪಿಯ ಹಾಳು ಕಟ್ಟಡಗಳ ಮೊದಲ ನಕ್ಷೆಯನ್ನು ಕಾಲಿನ್ ಮೆಕೆಂಜಿ ತಯಾರಿಸಿದ್ದು 1800ರ ಸುಮಾರಿಗೆ. 1800ರಲ್ಲಿ ಈ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದಾಗ ಥಾಮಸ್ ಮನ್ರೋ ಕಲೆಕ್ಟರಾಗಿ ಬಂದು, ರೈತರ ಕಂದಾಯ ಗೊತ್ತುಪಡಿಸಲು ಹೊಲ ಹೊಲವನ್ನೂ ಅಳೆಸಿದ. ಭಾರತವನ್ನೇ ತ್ರಿಕೋನಗಳಲ್ಲಿ ಅಳೆಯಲು ಹೊರಟ ವಿಲಿಯಂ ಲ್ಯಾಂಬ್ಟನ್ 1811ರಲ್ಲಿ ನಮ್ಮ ಪಕ್ಕದ ಗುತ್ತಿಯಲ್ಲಿ ತನ್ನ ಆಧಾರ ರೇಖೆಗಳಲ್ಲೊಂದನ್ನು ಅಳೆದ. ಗುತ್ತಿ ಆಗ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು.

ಆದರೆ ಎಫ್‌ಎಂಬಿಯಲ್ಲಿ ಎತ್ತರ ಇರಲಿಲ್ಲ. ಹೊಲ ಹಗರಿಯ ಕಡೆಗೆ ಎಷ್ಟು ಇಳಿದಿದೆ ಎಂಬುದನ್ನು ಆ ಪುಸ್ತಕ ಹೇಳುವುದಿಲ್ಲ. ಕಂದಾಯಕ್ಕೆ ಅದು ಬೇಕಿರಲಿಲ್ಲ. ಎತ್ತರ ಬೇಕಾಗಿದ್ದು ಗಣಿಗಳಲ್ಲಿ.

ನಾನು ಸಂಡೂರಿನ ಬೆಟ್ಟಗಳಿಗೆ ಹೋದಾಗ ಅದಿರಿನ ರಾಶಿಯನ್ನು ಟೇಪು ಹಿಡಿದು ಅಳೆಯುವವರು ಇನ್ನೂ ಇದ್ದರು. ಅದಿರನ್ನು ಒಪ್ಪವಾಗಿ, ಮೇಲೆ ಸಮತಟ್ಟಾಗಿ, ನಾಲ್ಕೂ ಕಡೆ ಇಳಿಜಾರಾಗಿ ಜೋಡಿಸಿ ಸ್ಟ್ಯಾಕ್ ಮಾಡುತ್ತಿದ್ದರು. ಮೇಲಿನ ಉದ್ದಗಲ, ಕೆಳಗಿನ ಉದ್ದಗಲ, ಎತ್ತರ ಹಿಡಿದು ಸೂತ್ರಕ್ಕೆ ಹಾಕಿದರೆ ಘನ ಅಳತೆ. ಅದನ್ನು ಸಾಂದ್ರತೆಯಿಂದ ಗುಣಿಸಿದರೆ ಟನ್ನು. ಗಟ್ಟಿ ಹೆಮಟೈಟಿನ ಸಾಂದ್ರತೆ 5ಕ್ಕಿಂತ ತುಸು ಹೆಚ್ಚು. ರಾಶಿಯಲ್ಲಿ ತುಂಡುಗಳ ನಡುವೆ ಗಾಳಿ ಸೇರಿರುವುದರಿಂದ ಅಂಕಿ ಎಷ್ಟೋ ಕೆಳಗಿಳಿಯುತ್ತದೆ, ತುಂಡು ಅದಿರಾದ ಲಂಪ್ಸಿಗೆ ಒಂದು, ಪುಡಿ ಅದಿರಾದ ಫೈನ್ಸಿಗೆ ಇನ್ನೊಂದು. ಪಿಟ್ಟಿನೊಳಗೆ ಅಗೆದದ್ದನ್ನು ಲೆಕ್ಕ ಹಾಕಲು ಬೇರೆ ದಾರಿ: ಇಷ್ಟಿಷ್ಟು ಮೀಟರಿಗೆ ಒಂದರಂತೆ ಅಡ್ಡ ಸೀಳುನಕ್ಷೆ ತೆಗೆದು, ಒಂದೊಂದರ ಕ್ಷೇತ್ರಫಲ ಹಿಡಿದು, ನಡುವಿನ ದೂರದಿಂದ ಗುಣಿಸುವುದು. ಎರಡು ಸೀಳುಗಳ ನಡುವೆ ನೆಲ ಹೇಗಿದೆ ಎಂಬುದು ಊಹೆ.

ಟೋಟಲ್ ಸ್ಟೇಷನ್ ಬಂದ ಮೇಲೆ ಈ ಊಹೆಯ ಜಾಗ ಕುಗ್ಗಿತು. ಉಪಕರಣ ಒಂದು ಕಡೆ, ಪ್ರಿಸಂ ಕಟ್ಟಿದ ಕೋಲು ಹಿಡಿದ ಹುಡುಗ ಇನ್ನೊಂದು ಕಡೆ. ಅವನು ರಾಶಿ ಹತ್ತಿ ಕೋಲು ನೆಟ್ಟಗೆ ಹಿಡಿದರೆ ಆ ಬಿಂದುವಿನ ಪೂರ್ವ, ಉತ್ತರ, ಎತ್ತರ ಮೂರೂ ಒಂದೇ ಗುಂಡಿಗೆ ದಾಖಲು. ಕೆಂಪು ದೂಳಿನಲ್ಲಿ, ಕಾಲಿಟ್ಟರೆ ಜಾರುವ ಫೈನ್ಸಿನ ಮೇಲೆ ಆ ಹುಡುಗರು ಹತ್ತಿ ಇಳಿಯುತ್ತಿದ್ದದ್ದು ಕಣ್ಣಿಗೆ ಕಟ್ಟಿದಂತಿದೆ.

“ಸಾ, ಇಲ್ಲೇ ನಿಲ್ಲಲಾ, ಇನ್ನಾ ಮ್ಯಾಲೆ ಹೋಗ್ಲಾ?”

“ಇಳಿಜಾರು ಎಲ್ಲಿ ಬದಲಾಗ್ತದೋ ಅಲ್ಲಿ ನಿಲ್ಲಪ್ಪ.”

ಇಡೀ ವಿದ್ಯೆ ಆ ಒಂದು ಮಾತಿನಲ್ಲಿತ್ತು. ಸಮನಾದ ಇಳಿಜಾರಿನ ನಡುವೆ ಹತ್ತು ಬಿಂದು ತೆಗೆದರೂ ವ್ಯರ್ಥ. ಗಣಿಯ ಮೆಟ್ಟಿಲಾದ ಬೆಂಚಿನ ತುದಿಯಲ್ಲಿ, ಅಂದರೆ ಕ್ರೆಸ್ಟಿನಲ್ಲಿ, ಮತ್ತು ಬುಡದಲ್ಲಿ, ಅಂದರೆ ಟೋದಲ್ಲಿ, ಒಂದು ಬಿಂದು ತಪ್ಪಿದರೂ ಲೆಕ್ಕ ಕೆಡುತ್ತದೆ. ಕೆಲವೇ ತಿಂಗಳಲ್ಲಿ ಒಳ್ಳೆಯ ಹುಡುಗರಿಗೆ ಹೇಳುವ ಅಗತ್ಯವೇ ಇರುತ್ತಿರಲಿಲ್ಲ. ಶಾಲೆಯ ಮೆಟ್ಟಿಲು ಹತ್ತದವನೂ ನೆಲದ ಮುರಿತವನ್ನು ಕಾಲಿನಿಂದಲೇ ಓದುತ್ತಿದ್ದ.

ಸಂಜೆ ಆಫೀಸಿಗೆ ಬಂದು ಬಿಂದುಗಳನ್ನು ಕಂಪ್ಯೂಟರಿಗೆ ಹಾಕಿದರೆ ಅದು ತಾನೇ ತ್ರಿಕೋನ ಕಟ್ಟುತ್ತಿತ್ತು. ಯಾವ ಮೂರು ಬಿಂದು ಸೇರಿಸಬೇಕು ಎಂಬುದಕ್ಕೆ ಅದು ಪಾಲಿಸುತ್ತಿದ್ದ ನಿಯಮ 1934ರಲ್ಲಿ ರಷ್ಯಾದ ಗಣಿತಜ್ಞ ಬೋರಿಸ್ ಡೆಲೊನೆ ಕೊಟ್ಟದ್ದು. ತ್ರಿಕೋನದ ಮೂರು ಮೂಲೆಗಳನ್ನು ಹಾದುಹೋಗುವ ವೃತ್ತ ಎಳೆಯಿರಿ. ಅದರೊಳಗೆ ನಾಲ್ಕನೆಯ ಬಿಂದು ಬೀಳಬಾರದು. ಹೀಗೆ ಕಟ್ಟಿದರೆ ಸೂಜಿಯಂಥ ಉದ್ದನೆಯ ತ್ರಿಕೋನಗಳು ಆದಷ್ಟೂ ತಪ್ಪುತ್ತವೆ, ಹತ್ತಿರದ ಬಿಂದುಗಳು ಹತ್ತಿರದವುಗಳ ಜೊತೆ ಸೇರುತ್ತವೆ. ಡೆಲೊನೆ ಹೆಸರಾಂತ ಪರ್ವತಾರೋಹಿ ಕೂಡ. ಇಳಿಜಾರುಗಳನ್ನು ಕಾಲಲ್ಲಿ ಬಲ್ಲವನ ನಿಯಮ ನಮ್ಮ ಬೆಟ್ಟಗಳಿಗೆ ಬಂತೆಂಬುದು ನನಗೆ ಇಷ್ಟವಾದ ಸಂಗತಿ. ಆದರೆ ನಿಯಮಕ್ಕೆ ಬೆಂಚು ಗೊತ್ತಿಲ್ಲ. ಬಿಟ್ಟರೆ ಅದು ಈ ಬೆಂಚಿನ ಕ್ರೆಸ್ಟಿನಿಂದ ಆ ಬೆಂಚಿನ ಕ್ರೆಸ್ಟಿಗೆ ಗಾಳಿಯಲ್ಲೇ ತ್ರಿಕೋನ ಹಾಸಿಬಿಡುತ್ತದೆ. ಹಾಗಾಗದಂತೆ ಕ್ರೆಸ್ಟ್ ಉದ್ದಕ್ಕೂ, ಟೋ ಉದ್ದಕ್ಕೂ ನಾವೇ ಗೆರೆ ಎಳೆದು, ಈ ಗೆರೆ ದಾಟಬೇಡ ಎಂದು ಹೇಳಬೇಕಿತ್ತು. ಅದು ಬ್ರೇಕ್‌ಲೈನ್.

ಹೋದ ತಿಂಗಳ ಮೇಲ್ಮೈ, ಈ ತಿಂಗಳ ಮೇಲ್ಮೈ, ಎರಡರ ನಡುವಿನ ವ್ಯತ್ಯಾಸವೇ ಅಗೆದದ್ದು. ಬಳ್ಳಾರಿಯಲ್ಲಿ ಈ ವ್ಯತ್ಯಾಸದ ಬೆಲೆ ಏನೆಂದು ನಾಡಿಗೆಲ್ಲ ತಿಳಿದದ್ದು 2011ರಲ್ಲಿ. ಜುಲೈ 27ರಂದು ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ, ಎರಡೇ ದಿನದಲ್ಲಿ ಸುಪ್ರೀಂ ಕೋರ್ಟಿನಿಂದ ಜಿಲ್ಲೆಯ ಗಣಿಗಾರಿಕೆಗೆ ತಡೆ. ಬಿದ್ದಿದ್ದ ಸುಮಾರು 2.5 ಕೋಟಿ ಟನ್ ಅದಿರನ್ನು ಇ-ಹರಾಜಿನಲ್ಲಿ ಮಾರಲು ಕೋರ್ಟು ಅನುಮತಿ ಕೊಟ್ಟಿತು. ಗುತ್ತಿಗೆಯ ಗಡಿ ದಾಟಿ ಎಷ್ಟು ಅಗೆದಿದ್ದಾರೆ, ಎಲ್ಲಿ ಡಂಪ್ ಸುರಿದಿದ್ದಾರೆ ಎಂದು ಜಂಟಿ ತಂಡಗಳು ಅಳೆದವು. ಆ ಅಳತೆಯ ಮೇಲೆ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಸಿ ವರ್ಗದ ಗುತ್ತಿಗೆಗಳನ್ನು ರದ್ದು ಮಾಡಲಾಯಿತು. ಅಳತೆ ಸರಿಯೋ ತಪ್ಪೋ ಎಂದು ಕೇಳುವ ಹಕ್ಕು ಎಲ್ಲರಿಗೂ ಇದೆ ಎಂಬುದು ನನ್ನೊಳಗೆ ಗಟ್ಟಿಯಾದದ್ದು ಆ ವರ್ಷಗಳಲ್ಲಿ.

ಲೇಸರ್ ಸ್ಕ್ಯಾನರ್ ನಮ್ಮ ಕೈಗೆ ಬಂದಾಗ ಪ್ರಿಸಂ ಕೋಲಿನ ಕೆಲಸ ಬಹುಪಾಲು ನಿಂತಿತು. ಮುಕ್ಕಾಲಿಯ ಮೇಲೆ ಯಂತ್ರ ಕೂತು, ಒಳಗಿನ ಕನ್ನಡಿ ಗಿರ್ರನೆ ತಿರುಗುತ್ತ, ನಾಲ್ಕೂ ದಿಕ್ಕಿಗೆ ಬೆಳಕು ಎಸೆಯುತ್ತದೆ. ಬೆಳಕು ಹೋಗಿ ಬಡಿದು ಮರಳುವ ವೇಳೆಯಿಂದ ದೂರ ಗೊತ್ತಾಗುತ್ತದೆ. ಒಂದು ನ್ಯಾನೊಸೆಕೆಂಡಿನಲ್ಲಿ ಬೆಳಕು 30 ಸೆಂಟಿಮೀಟರು ಓಡುವುದರಿಂದ, ಒಂದು ಮಿಲಿಮೀಟರಿನ ವ್ಯತ್ಯಾಸ ಹಿಡಿಯಬೇಕಾದರೆ ಸೆಕೆಂಡಿನ ಲಕ್ಷ ಕೋಟಿಯಲ್ಲಿ ಏಳು ಭಾಗದಷ್ಟು ಸೂಕ್ಷ್ಮ ಗಡಿಯಾರ ಬೇಕು. ಕೆಲವು ಯಂತ್ರಗಳು ವೇಳೆಯ ಬದಲು ಬೆಳಕಿನ ಅಲೆ ಎಷ್ಟು ಸರಿದಿದೆ ಎಂದು ನೋಡಿ ದೂರ ಹೇಳುತ್ತವೆ. ಯಾವುದೇ ಆಗಲಿ, ಸೆಕೆಂಡಿಗೆ ಲಕ್ಷಾಂತರ ಬಿಂದು. ದೊಡ್ಡಪ್ಪ ಜೀವಮಾನದಲ್ಲಿ ಹಿಡಿದ ಬಿಂದುಗಳಿಗಿಂತ ಹೆಚ್ಚು ಬಿಂದು ಕಣ್ಣು ಮಿಟುಕಿಸುವುದರೊಳಗೆ ಬರುತ್ತವೆ.

ಅಷ್ಟು ಬಿಂದುಗಳಲ್ಲಿ ಒಂದನ್ನೂ ಯಾರೂ ಆರಿಸಿರುವುದಿಲ್ಲ. ಬದಲಾವಣೆಯ ತಿರುಳು ಇದು. ಯಂತ್ರಕ್ಕೆ ಕ್ರೆಸ್ಟೂ ಒಂದೇ, ಹಾದುಹೋದ ಟಿಪ್ಪರೂ ಒಂದೇ, ಗಾಳಿಯಲ್ಲಿ ಎದ್ದ ದೂಳೂ ಒಂದೇ. ಬಂಡೆಯ ಅಂಚಿಗೆ ಅರ್ಧ ಕಿರಣ ಬಡಿದು ಇನ್ನರ್ಧ ಹಿಂದಿನ ಗೋಡೆಗೆ ಬಡಿದರೆ, ಎರಡರ ನಡುವೆ ಏನೂ ಇಲ್ಲದ ಜಾಗದಲ್ಲಿ ಒಂದು ಬಿಂದು ಹುಟ್ಟಿಕೊಳ್ಳುತ್ತದೆ. ಒದ್ದೆಯಾದ ಕಪ್ಪು ಅದಿರು ಬೆಳಕನ್ನು ನುಂಗುತ್ತದೆ, ಅಲ್ಲಿ ಬಿಂದು ವಿರಳ. ಒಂದೇ ಕಡೆ ನಿಂತರೆ ರಾಶಿಯ ಬೆನ್ನು ಕಾಣುವುದಿಲ್ಲ. ನಾಲ್ಕಾರು ಕಡೆಯಿಂದ ಸ್ಕ್ಯಾನ್ ಮಾಡಿ ಒಂದಕ್ಕೊಂದು ಕೂಡಿಸಬೇಕು. ಕೂಡಿಸಲು ಬಿಳಿಯ ಗೋಲಗಳನ್ನು ನಿಲ್ಲಿಸುತ್ತೇವೆ. ಇಲ್ಲವೇ 1992ರಲ್ಲಿ ಬೆಸ್ಲ್ ಮತ್ತು ಮೆಕೆ ಬರೆದ ವಿಧಾನದಂತೆ, ಒಂದು ಸ್ಕ್ಯಾನಿನ ಪ್ರತಿ ಬಿಂದುವಿಗೂ ಇನ್ನೊಂದರಲ್ಲಿ ಹತ್ತಿರದ್ದನ್ನು ಹುಡುಕಿ, ಒಟ್ಟು ಅಂತರ ಇನ್ನು ಇಳಿಯದು ಅನ್ನುವವರೆಗೆ ಕಂಪ್ಯೂಟರು ಸರಿಸುತ್ತ ಹೋಗುತ್ತದೆ.

ಇಷ್ಟಾದರೂ ಕೈಯಲ್ಲಿರುವುದು ಬಿಂದುಗಳ ಮೋಡ, ಪಾಯಿಂಟ್ ಕ್ಲೌಡ್. ಬಿಂದುವಿಗೆ ಉದ್ದ ಅಗಲ ಇಲ್ಲ. ಹತ್ತಿರ ಹೋದಷ್ಟೂ ನಡುವೆ ಬರೀ ಖಾಲಿ. ಘನ ಅಳತೆ ಬೇಕಾದರೆ ಅದರ ಮೇಲೆ ಚರ್ಮ ಕಟ್ಟಬೇಕು. ಆ ತ್ರಿಕೋನ ಜಾಲವನ್ನೇ ಮೆಶ್ ಅನ್ನುವುದು. ಹೊಲಕ್ಕೆ, ತಗ್ಗು ರಾಶಿಗೆ ಡೆಲೊನೆಯ ನಿಯಮ ಸಾಕು, ಏಕೆಂದರೆ ಮೇಲಿನಿಂದ ನೋಡಿದರೆ ಒಂದು ಜಾಗಕ್ಕೆ ಒಂದೇ ಎತ್ತರ. ಕೊರಕಲು ಬಿದ್ದ ಗಣಿ ಗೋಡೆಗೆ, ಗುಡಿಯ ಕಂಬಕ್ಕೆ ಅದು ನಡೆಯದು. ಅಲ್ಲಿ ಒಂದೇ ಜಾಗದ ನೇರಕ್ಕೆ ಮೇಲೊಂದು ಮೈ, ಕೆಳಗೊಂದು ಮೈ ಇರುತ್ತದೆ.

ಇದಕ್ಕೆ ಎರಡು ದಾರಿ ಹೆಚ್ಚು ಬಳಕೆಯಲ್ಲಿವೆ, ಎರಡರ ಸ್ವಭಾವವೂ ಬೇರೆ. ಮೊದಲನೆಯದು 1999ರಲ್ಲಿ ಐಬಿಎಮ್ಮಿನ ಬರ್ನಾರ್ಡಿನಿ ಮತ್ತು ಸಂಗಡಿಗರು ಕೊಟ್ಟದ್ದು. ಮೈಕೆಲಾಂಜೆಲೊನ ಫ್ಲಾರೆನ್ಸಿನ ಪಿಯೆತಾ ಶಿಲ್ಪವನ್ನು ಸ್ಕ್ಯಾನ್ ಮಾಡುವ ಕೆಲಸದಲ್ಲಿ ಹುಟ್ಟಿದ ದಾರಿ ಅದು. ಗೊತ್ತಾದ ತ್ರಿಜ್ಯದ ಚೆಂಡನ್ನು ಬಿಂದುಗಳ ಮೇಲೆ ಉರುಳಿಸುವುದು. ಚೆಂಡು ಮೂರು ಬಿಂದುಗಳ ಮೇಲೆ ಕೂತರೆ ಅದು ಒಂದು ತ್ರಿಕೋನ. ಒಂದು ಅಂಚನ್ನು ಹಿಡಿದು ಮತ್ತೆ ಉರುಳಿದರೆ ಮುಂದಿನ ತ್ರಿಕೋನ. ಚೆಂಡು ಸಣ್ಣದಾದರೆ ಬಿಂದುಗಳ ನಡುವೆ ಜಾರಿ ಬೀಳುತ್ತದೆ, ಜಾಲದಲ್ಲಿ ತೂತು ಉಳಿಯುತ್ತದೆ. ದೊಡ್ಡದಾದರೆ ಸಣ್ಣ ಗೀರಿನೊಳಗೆ ಇಳಿಯದೆ ಮೇಲೆಯೇ ಹಾದುಹೋಗುತ್ತದೆ. ಈ ವಿಧಾನ ಅಳೆದ ಬಿಂದುಗಳನ್ನು ಅಲ್ಲಾಡಿಸುವುದಿಲ್ಲ. ಗೊತ್ತಿಲ್ಲದ್ದನ್ನು ಹೇಳುವುದೂ ಇಲ್ಲ.

ಎರಡನೆಯದು ಪಾಯ್ಸನ್ ವಿಧಾನ. ಕಜ್ದಾನ್, ಬೊಲಿಥೊ, ಹೊಪ್ಪೆ 2006ರಲ್ಲಿ ಪ್ರಕಟಿಸಿದ್ದು. ಪ್ರತಿ ಬಿಂದುವಿನಲ್ಲಿ ಹೊರಮೈ ಯಾವ ಕಡೆಗೆ ಮುಖ ಮಾಡಿದೆ ಎಂಬ ದಿಕ್ಕನ್ನು ಮೊದಲು ಕಂಡುಕೊಂಡು, ಆ ದಿಕ್ಕುಗಳಿಗೆಲ್ಲ ಹೊಂದುವಂತೆ ಒಳಗೆ ಯಾವುದು, ಹೊರಗೆ ಯಾವುದು ಎಂಬ ಒಂದೇ ಸಮೀಕರಣ ಬಿಡಿಸುವುದು. ಒಳ ಹೊರಗಿನ ಗಡಿಯೇ ಮೇಲ್ಮೈ. ಇದು ಒಂದು ಬಿಂದು ಆಚೀಚೆ ಆದರೂ ತಡೆದುಕೊಳ್ಳುತ್ತದೆ, ನೋಡಲು ನುಣುಪು, ಎಲ್ಲಿಯೂ ತೂತಿಲ್ಲದೆ ಮುಚ್ಚಿಕೊಳ್ಳುತ್ತದೆ. ಇವತ್ತು ಉಚಿತವಾಗಿ ಸಿಗುವ ಮೆಶ್‌ಲ್ಯಾಬಿನಲ್ಲೂ ಇದೆ, ಗುಂಡಿ ಒತ್ತಿದರೆ ಸಾಕು. ಮುಚ್ಚಿಕೊಳ್ಳುವುದೇ ಇದರ ಗುಣ, ಅಪಾಯ ಇರುವುದೂ ಅಲ್ಲೇ. ಬಿಂದು ಇಲ್ಲದ ಕಡೆಯೂ ಇದು ಮೇಲ್ಮೈ ಹೆಣೆಯುತ್ತದೆ.

ಬೆಟ್ಟಕ್ಕೆ ಒರಗಿಸಿ ಸುರಿದ ಒಂದು ರಾಶಿಯನ್ನು ನೆನಪಿಗೆ ತಂದುಕೊಳ್ಳುತ್ತೇನೆ. ಬೆನ್ನಿನ ಕಡೆ ಇಕ್ಕಟ್ಟು, ಯಂತ್ರ ನಿಲ್ಲಿಸಲು ಜಾಗವಿಲ್ಲ, ಹೀಗಾಗಿ ಅಲ್ಲಿ ಬಿಂದುಗಳಿಲ್ಲ. ಪಾಯ್ಸನ್ನಿಗೆ ಕೊಟ್ಟಾಗ ಪರದೆಯ ಮೇಲೆ ಬಂದ ರಾಶಿಗೆ ಬೆನ್ನಿತ್ತು, ನುಣುಪಾಗಿ, ದುಂಡಗೆ ಉಬ್ಬಿತ್ತು. ನೋಡಿದವರಿಗೆ ಅಲ್ಲಿ ಅಳತೆ ಇಲ್ಲವೆಂದು ಹೇಳುವ ಗುರುತು ಒಂದೂ ಇರಲಿಲ್ಲ. ಬಿಂದುಗಳ ಸಾಂದ್ರತೆಗೆ ಬಣ್ಣ ಹಚ್ಚಿ ನೋಡಿದ ಮೇಲೆ ಉಬ್ಬಿದ ಭಾಗವೆಲ್ಲ ಬೇರೆ ಬಣ್ಣದಲ್ಲಿ ಎದ್ದು ಕಂಡಿತು. ಆ ಭಾಗ ಕತ್ತರಿಸಿ ತೆಗೆದೆವು. ಮಾರನೆಯ ದಿನ ಇಬ್ಬರು ಹುಡುಗರು ಪ್ರಿಸಂ ಕೋಲು ಹಿಡಿದು ಹಿಂದಕ್ಕೆ ಹೋಗಿ, ಟೋ ಉದ್ದಕ್ಕೂ ಅಳೆದು ತಂದರು. ಹಳೆಯ ಪದ್ಧತಿ ಹೊಸದರ ತೂತನ್ನು ಮುಚ್ಚಿದ್ದು ಹೀಗೆ. ಅದಿರಿನ ಲೆಕ್ಕದಲ್ಲಿ ಇಂಥ ಉಬ್ಬು ಅಂದರೆ ಟನ್ನು. ಟನ್ನು ಅಂದರೆ ರಾಯಧನ, ಅದು ಸರ್ಕಾರದ ದುಡ್ಡು, ಜನರ ದುಡ್ಡು.

ಈ ವಿದ್ಯೆಯಲ್ಲಿ ಪಳಗಿದವರೆಲ್ಲ ಒಂದು ಮೊಲವನ್ನು ಬಲ್ಲರು. 1994ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಗ್ರೆಗ್ ಟರ್ಕ್ ಮತ್ತು ಮಾರ್ಕ್ ಲೆವೊಯ್ ಒಂದು ಸುಟ್ಟ ಮಣ್ಣಿನ ಮೊಲದ ಬೊಂಬೆಯನ್ನು ಹತ್ತು ಕಡೆಯಿಂದ ಸ್ಕ್ಯಾನ್ ಮಾಡಿ 69,451 ತ್ರಿಕೋನಗಳ ಜಾಲ ಕಟ್ಟಿದರು. ಲೋಕದ ಎಲ್ಲ ಕಡೆ ಹೊಸ ವಿಧಾನವನ್ನು ಮೊದಲು ಅದರ ಮೇಲೆ ಪರೀಕ್ಷೆ ಮಾಡುತ್ತಾರೆ. ಅದರ ತಳದಲ್ಲಿ ಐದು ತೂತುಗಳಿವೆ. ಎರಡು ಬೊಂಬೆಯಲ್ಲೇ ಇದ್ದವು, ಮಿಕ್ಕವು ಸ್ಕ್ಯಾನರಿಗೆ ಕಾಣದೆ ಉಳಿದ ಜಾಗ. ಅವರು ಅವನ್ನು ಮುಚ್ಚದೆ ಬಿಟ್ಟರು. ಅದಕ್ಕೇ ಆ ಮೊಲ ಇವತ್ತಿಗೂ ನಂಬಲರ್ಹ. ಅದೇ ಲೆವೊಯ್ ತಂಡ 1999ರಲ್ಲಿ ಮೈಕೆಲಾಂಜೆಲೊನ ಡೇವಿಡ್ ಶಿಲ್ಪವನ್ನು ಕಾಲು ಮಿಲಿಮೀಟರಿನ ಅಂತರದಲ್ಲಿ ಸ್ಕ್ಯಾನ್ ಮಾಡಿತು, ಸುಮಾರು 200 ಕೋಟಿ ಬಹುಭುಜಗಳು. ಉಳಿಯ ಗುರುತು ಕಾಣಬೇಕೆಂಬುದು ಅವರ ಹಟವಾಗಿತ್ತು.

ಉಳಿಯ ಗುರುತಿನ ಮಾತು ಬಂದಾಗ ನಮ್ಮ ಕಡೆಯ ಕಲ್ಲುಗಳು ನೆನಪಾಗುತ್ತವೆ. ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು ಮತ್ತು ಉಡೇಗೋಳದಲ್ಲಿ ಅಶೋಕನ ಶಾಸನಗಳಿವೆ. ಅಶೋಕ ಎಂಬ ಹೆಸರನ್ನೇ ಕೊರೆದಿರುವ ಶಾಸನಗಳು ದೇಶದಲ್ಲೇ ಬೆರಳೆಣಿಕೆ. ಮಸ್ಕಿಯ ಜೊತೆಗೆ ಇವೆರಡೂ ಆ ಸಾಲಿನಲ್ಲಿವೆ. ಕುರುಗೋಡಿನಲ್ಲಿ ದೊಡ್ಡಬಸವೇಶ್ವರನ ಗುಡಿ, ಬಳ್ಳಾರಿಯ ಮಗ್ಗುಲಲ್ಲಿ ಸಂಗನಕಲ್ಲು ಕುಪ್ಪಗಲ್ಲಿನ ಹೊಸ ಶಿಲಾಯುಗದ ನೆಲೆ, ಅಲ್ಲಿ ಬಂಡೆಯ ಮೇಲೆ ಕುಟ್ಟಿ ಬಿಡಿಸಿದ ಎತ್ತುಗಳ ಚಿತ್ರ. ಕಲ್ಲು ಒಡೆಯುವ ಕೆಲಸ ಆ ಚಿತ್ರಗಳ ಹತ್ತಿರಕ್ಕೆ ಬಂದು ಕೆಲವನ್ನು ನುಂಗಿಯೂ ಇದೆ.

ಶಾಸನದ ಪಡಿಯಚ್ಚು ತೆಗೆಯುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಕಲ್ಲನ್ನು ನೀರಿನಿಂದ ತಿಕ್ಕಿ ತೊಳೆದು, ಒದ್ದೆ ಕಾಗದವನ್ನು ಮೇಲೆ ಹಾಸಿ, ಗಟ್ಟಿ ಕೂದಲಿನ ಬ್ರಷ್ಷಿನಿಂದ ಕುಟ್ಟುತ್ತಾರೆ. ಕಾಗದ ಅಕ್ಷರದ ತಗ್ಗಿಗೆ ಇಳಿಯುತ್ತದೆ. ತುಸು ಆರಿದ ಮೇಲೆ ಮಸಿಯ ಡಬ್ಬರಿಯಿಂದ ಒತ್ತಿದರೆ ಉಬ್ಬು ಕಪ್ಪಾಗುತ್ತದೆ, ಅಕ್ಷರ ಬೆಳ್ಳಗೆ ಉಳಿಯುತ್ತದೆ. ಎಲ್ಲಿ ಕಾಗದ ಹರಿಯಿತೋ ಅಲ್ಲಿ ಹರಿದೇ ಇರುತ್ತದೆ. ಓದುವವರಿಗೆ ಅದು ಕಾಣುತ್ತದೆ. ಕಲ್ಲಿನ ಸವಕಳಿಯ ಆಳ ಮಾತ್ರ ಅದರಲ್ಲಿ ಸಿಗದು.

ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಅಲ್ಲಿನ ಶಾಸನಕಲ್ಲುಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತ ಬಂದಿದೆ. ಕಣ್ಣಿಗೆ ಕಾಣದಷ್ಟು ಸವೆದ ಅಕ್ಷರವೂ ಮೆಶ್ಶಿನ ಮೇಲೆ ಅಡ್ಡ ಬೆಳಕು ಬಿಟ್ಟರೆ ಓದಲು ಸಿಗುತ್ತದೆ. ಸ್ಕ್ಯಾನುಗಳನ್ನು ಅವರು ಜನರಿಗೆ ಮುಕ್ತವಾಗಿ ಇಟ್ಟಿದ್ದಾರೆ. ನಮ್ಮ ಹಂಪಿಗೂ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ‘ಡಿಜಿಟಲ್ ಹಂಪಿ’ ಯೋಜನೆ ಬಂತು. ಹಲವು ಐಐಟಿಗಳ ಜೊತೆ ಹುಬ್ಬಳ್ಳಿಯ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜಿನವರೂ ಅದರಲ್ಲಿ ದುಡಿದರು. ಭಗ್ನ ಶಿಲ್ಪಗಳಲ್ಲಿ ಇಲ್ಲದ ಭಾಗವನ್ನು ಗಣಿತದಿಂದ ತುಂಬುವ ದಾರಿಗಳನ್ನು ಮದ್ರಾಸ್ ಐಐಟಿಯ ಸಂಶೋಧಕರು ಹುಡುಕಿದ್ದಾರೆ. ಹಂಪಿಯ ಉಗ್ರನರಸಿಂಹನ ತೊಡೆಯ ಮೇಲಿದ್ದ ಲಕ್ಷ್ಮಿ ಈಗಿಲ್ಲ. ಆಕೆ ಹೇಗಿದ್ದಿರಬಹುದು ಎಂದು ಕಟ್ಟಿ ತೋರಿಸುವುದು ಒಳ್ಳೆಯ ಕೆಲಸವೇ, ಇದು ಕಟ್ಟಿದ್ದು ಎಂದು ಹೇಳಿ ತೋರಿಸುವವರೆಗೆ.

ಎಲ್ಲರೂ ಹಾಗೆ ಹೇಳುವುದಿಲ್ಲ. ಒಂದು ಹಳೆಯ ಗುಡಿಯ ಸ್ಕ್ಯಾನ್ ಕೆಲಸ ಹಿಡಿದ ಕಂಪನಿಯೊಂದು ಕೊಟ್ಟ ಕಡತವನ್ನು ನನ್ನ ಮುಂದೆ ತಂದಿಟ್ಟಿದ್ದರು. ಚಂದದ ಮೆಶ್, ಬಣ್ಣ ಹಚ್ಚಿದ್ದು. ಕಂಬದ ಮೇಲೆ ಸವೆದಿದ್ದ ಅಕ್ಷರಗಳ ಜಾಗ ಪಾಲಿಶ್ ಹೊಡೆದಂತಿತ್ತು. ದೂಳಿನ ಬಿಂದುಗಳ ಏರುಪೇರು ತೆಗೆಯಲು ನುಣುಪು ಮಾಡಿದ್ದಾರೆ, ಕಡತ ಹಗುರವಾಗಲೆಂದು ತ್ರಿಕೋನ ಇಳಿಸಿದ್ದಾರೆ, ಎರಡೂ ಸೇರಿ ಅಕ್ಷರವನ್ನೇ ತಿಂದಿವೆ. ಮೂಲ ಬಿಂದುಗಳಾದರೂ ಇದ್ದರೆ ಮತ್ತೆ ಕಟ್ಟಬಹುದಿತ್ತು. ಕೇಳಿದಾಗ ಬಂದ ಉತ್ತರ, ಜಾಗ ಸಾಲದೆ ಅಳಿಸಿದೆವು ಎಂದು. ಇದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಕಲ್ಲು ಸವೆಯುತ್ತಲೇ ಇದೆ. ಆ ವರ್ಷದ ಕಲ್ಲು ಮುಂದಿನ ವರ್ಷಕ್ಕೆ ಸಿಗುವುದಿಲ್ಲ.

ಹಳೆಯದೇ ಚೆನ್ನಾಗಿತ್ತು ಎಂದು ನಾನು ಹೇಳುತ್ತಿಲ್ಲ. ಹಳೆಯದರಲ್ಲಿ ಹುಡುಗರು ರಾಶಿಯಿಂದ ಜಾರಿ ಬಿದ್ದು ಕೈಕಾಲು ಮುರಿದುಕೊಂಡದ್ದಿದೆ. ವ್ಯಾಜ್ಯ ಬಂದರೆ ಪುಸ್ತಕದ ಅಂಕಿ ಬಿಟ್ಟು ತೋರಿಸಲು ಏನೂ ಇರುತ್ತಿರಲಿಲ್ಲ. ಸರ್ವೆಯರ ಮೇಲೆ ಯಾರ ಒತ್ತಡ ಇತ್ತು, ಯಾವ ಬಿಂದುವನ್ನು ಬಿಟ್ಟರು ಎಂದು ಪತ್ತೆ ಮಾಡುವ ದಾರಿಯೇ ಇರಲಿಲ್ಲ. ಸ್ಕ್ಯಾನ್ ಮಾಡಿಟ್ಟ ರಾಶಿ ಹಡಗು ಹತ್ತಿ ಹೋಗಿ ಹತ್ತು ವರ್ಷವಾದರೂ ಬಿಂದುಗಳಿದ್ದರೆ ಅದನ್ನು ಇವತ್ತು ಮತ್ತೆ ಅಳೆಯಬಹುದು. ಇಂಥ ಬಲ ನಮ್ಮ ದೊಡ್ಡಪ್ಪನ ಕಾಲಕ್ಕೆ ಇರಲಿಲ್ಲ. ಪ್ರಿಸಂ ಹುಡುಗರ ಕೆಲಸ ಬಹುಪಾಲು ಹೋಯಿತು. ಕೆಲವರು ಡ್ರೋನ್ ಹಾರಿಸಲು ಕಲಿತರು, ಹೆಚ್ಚಿನವರು ಟಿಪ್ಪರು, ಹೊಲ, ಬೇರೆ ಕೂಲಿ ಎಂದು ಚದುರಿದರು. ಗಣಿ ನಿಯಮಗಳ 2021ರ ನವೆಂಬರಿನ ತಿದ್ದುಪಡಿಯ ಪ್ರಕಾರ 50 ಹೆಕ್ಟೇರು ಅಥವಾ ಅದಕ್ಕೆ ಮೇಲ್ಪಟ್ಟ, ಇಲ್ಲವೇ ವರ್ಷಕ್ಕೆ 10 ಲಕ್ಷ ಟನ್ ಅಥವಾ ಹೆಚ್ಚು ಅಗೆಯುವ ಗಣಿಗಳು ಗಡಿಯಿಂದ 100 ಮೀಟರು ಆಚೆಯವರೆಗೂ ಪ್ರತಿ ವರ್ಷ ಡ್ರೋನ್ ಸರ್ವೆ ಮಾಡಿಸಿ ಭಾರತೀಯ ಗಣಿ ಬ್ಯೂರೋಗೆ ಚಿತ್ರ ಸಲ್ಲಿಸಬೇಕು. ಹಳ್ಳಿಯ ಮನೆ ಜಾಗಗಳನ್ನೂ 2020ರ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನೇ ಅಳೆಯುತ್ತಿದೆ. ಫೋಟೋಗಳಿಂದ ಹುಟ್ಟಿದರೂ ಕೊನೆಗೆ ಡ್ರೋನಿನ ಅಳತೆಯೂ ಬಿಂದುಗಳ ಮೋಡವೇ, ಅದರ ಮೇಲೂ ಚರ್ಮ ಕಟ್ಟುವುದು ಇದೇ ತ್ರಿಕೋನಗಳಿಂದಲೇ.

ಹಾಗಾಗಿ ನನ್ನ ತೀರ್ಮಾನ ಇಷ್ಟು. ಬಿಂದು ಅಳತೆ, ಮೆಶ್ ಅಭಿಪ್ರಾಯ. ಒಳ್ಳೆಯ ಅಭಿಪ್ರಾಯ ಬೇಕೇ ಬೇಕು, ಆದರೆ ಅಳತೆಯನ್ನು ಎಸೆದು ಅಭಿಪ್ರಾಯವನ್ನಷ್ಟೇ ಇಟ್ಟುಕೊಳ್ಳಬಾರದು.

ಗುಡಿ, ಶಾಸನ, ಕೆರೆ, ಗಣಿ, ಯಾವುದನ್ನೇ ಸ್ಕ್ಯಾನ್ ಮಾಡಿಸುವ ಇಲಾಖೆಯವರಲ್ಲಿ, ಗ್ರಾಮ ಪಂಚಾಯಿತಿಯವರಲ್ಲಿ, ದೇವಸ್ಥಾನದ ಸಮಿತಿಯವರಲ್ಲಿ ನನ್ನ ಕೋರಿಕೆ ಇದೆ. ಹಣ ಕೊಡುವ ಮುನ್ನ ಒಪ್ಪಂದದಲ್ಲಿ ಬರೆಸಿ: ಮೂಲ ಬಿಂದುಗಳ ಕಡತ ನಮಗೆ ಬರಬೇಕು; ಯಂತ್ರ ಎಲ್ಲೆಲ್ಲಿ ನಿಂತಿತ್ತು ಎಂಬ ನಕ್ಷೆ ಜೊತೆಗಿರಬೇಕು; ಯಾವ ವಿಧಾನದಲ್ಲಿ, ಎಷ್ಟು ನುಣುಪು ಮಾಡಿ ಮೆಶ್ ಕಟ್ಟಿದಿರಿ ಎಂದು ಬರೆದುಕೊಡಬೇಕು; ಕಾಣದ ಜಾಗವನ್ನು ತೂತಾಗಿಯೇ ಬಿಡಬೇಕು, ತುಂಬಿದ್ದರೆ ಬೇರೆ ಬಣ್ಣದಲ್ಲಿ ತೋರಿಸಬೇಕು. ನಿಟ್ಟೂರು, ಉಡೇಗೋಳ, ಕುರುಗೋಡು, ಕುಪ್ಪಗಲ್ಲುಗಳ ಬಿಂದುಗಳು ಬಳ್ಳಾರಿಯಲ್ಲೇ, ಶಾಲೆಯ ಮಕ್ಕಳೂ ತೆರೆದು ನೋಡುವಂತೆ ಒಂದು ಕಡೆ ಇರಲಿ. ಒಂದು ಹಾರ್ಡ್ ಡಿಸ್ಕಿನ ಬೆಲೆ ಈಗ ಹೆಚ್ಚೇನೂ ಇಲ್ಲ.